ರೆಸಿನ್ ಡಬ್ಬದ ಮೇಲೆ ಡಿಗ್ರಿಯನ್ನೂ ಕನ್ನಡದಲ್ಲಿ ಬರೆಯಿರಿ

ಮಾನ್ಯ ಸಂಪಾದಕರೇ,

ನಾನು ಸುಂಟಿಕೊಪ್ಪದ ಕಡೆಯ ಮರಗೆಲಸದವನು. ತೋಟದಲ್ಲಿ ಕಿತ್ತು ಹಾಕಿದ ಹಳೇ ಕಾಫಿ ಗಿಡದ ಬೊಡ್ಡೆಗಳಿಂದ ಟೀಪಾಯಿ ಮಾಡುತ್ತೇನೆ. ಬೊಡ್ಡೆಯ ಸಂದುಗಳಿಗೆ ಎಪಾಕ್ಸಿ ರೆಸಿನ್ (ಹಾರ್ಡನರ್ ಎಂಬ ಇನ್ನೊಂದು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು ದ್ರವ) ಹುಯ್ದು, ಹೊಳಪು ಬರುವ ತನಕ ಉಜ್ಜುವುದು. ಹೋಂಸ್ಟೇಯವರು ಇದನ್ನೇ ಕೇಳಿಕೊಂಡು ಬರುತ್ತಾರೆ.

ಕಳೆದ ವರ್ಷ ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಒಂದು ಟೀಪಾಯಿ ಮಾಡಿದೆ. ರೆಸಿನ್ ಡಬ್ಬದ ಮೇಲೆ 24 ಗಂಟೆಯಲ್ಲಿ ಗಟ್ಟಿಯಾಗುತ್ತದೆ ಎಂದಿತ್ತು. ನಾನು ಮೂರು ದಿನ ಬಿಟ್ಟೆ. ಉಗುರು ಒತ್ತಿದರೂ ಗುರುತು ಬೀಳಲಿಲ್ಲ. ಧೈರ್ಯವಾಗಿ ಕೊಟ್ಟು ಬಂದೆ. ವಾರದೊಳಗೆ ಫೋನ್ ಬಂತು. ಒಲೆಯಿಂದ ಇಳಿಸಿದ ಕಾಫಿ ಪಾತ್ರೆಯನ್ನು ಅದರ ಮೇಲೆ ಇಟ್ಟಿದ್ದರಂತೆ. ಹೋಗಿ ನೋಡಿದರೆ ಪಾತ್ರೆಯ ತಳ ಅಚ್ಚೊತ್ತಿದ ಹಾಗೆ ದುಂಡಗೆ ಕುಳಿ ಬಿದ್ದಿತ್ತು. ಹಣ ವಾಪಸ್ ಕೊಟ್ಟೆ.

ಆಮೇಲೆ ತಿಳಿದವರನ್ನು ಕೇಳಿ ಕಲಿತೆ. ರೆಸಿನ್ ಮತ್ತು ಹಾರ್ಡನರ್ ಸೇರಿದಾಗ ಒಳಗೆ ಒಂದು ಬಲೆ ಹೆಣೆದುಕೊಳ್ಳುತ್ತದೆ. ಹೆಣಿಗೆ ಬಿಗಿಯಾದಷ್ಟೂ ಅದು ಬಿಸಿ ತಡೆಯುತ್ತದೆ. 24 ಗಂಟೆಯ ಲೆಕ್ಕವನ್ನು ಸಾಮಾನ್ಯವಾಗಿ 25 ಡಿಗ್ರಿಗೆ ಹಾಕಿರುತ್ತಾರೆ. ನಮ್ಮ ಮಳೆಗಾಲದ ಚಳಿಯಲ್ಲಿ ಹೆಣಿಗೆ ಮುಗಿಯುವ ಮೊದಲೇ ರೆಸಿನ್ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಎಷ್ಟು ದಿನ ಸುಮ್ನೆ ಇಟ್ಟರೂ ಅದು ಅಲ್ಲಿಗೇ ನಿಂತ ಹಾಗೆ. ತೇವದ ಗಾಳಿಗೆ ಮೇಲೆ ಜಿಡ್ಡಿನಂಥ ಬಿಳಿ ಪೊರೆಯೂ ಬರುತ್ತದೆ. ಅದೇನೋ ನೀರಿನಲ್ಲಿ ಒರೆಸಿದರೆ ಹೋಗುತ್ತದೆ, ಒಳಗಿನ ಕೊರತೆ ಹೋಗುವುದಿಲ್ಲ. ಬೇಗ ಆಗಲಿ ಎಂದು ಕೆಲವರು ಹಾರ್ಡನರನ್ನು ಜಾಸ್ತಿ ಹಾಕುತ್ತಾರೆ. ದಯವಿಟ್ಟು ಹಾಕಬೇಡಿ. ಹೆಚ್ಚಾದ ಹಾರ್ಡನರ್ ಹಾಗೇ ಒಳಗೆ ಉಳಿದು ಇನ್ನೂ ಮೆದು ಮಾಡುತ್ತದೆ.

ಈಗ ನಾನು ಪ್ಲೈವುಡ್ ಪೆಟ್ಟಿಗೆಯೊಳಗೆ ಹಳೇ ಕಾಲದ ಬಲ್ಬುಗಳನ್ನು ಉರಿಸಿ, ಥರ್ಮಾಮೀಟರ್ ನೇತುಹಾಕಿದ್ದೇನೆ. ಮೊದಲ ಎರಡು ದಿನ ಬರೀ ಬೆಚ್ಚಗೆ ಇಡುತ್ತೇನೆ. ಆಮೇಲೆ ಉಳಿದ ಹೆಣಿಗೆಯೂ ಮುಗಿಯಲಿ ಎಂದು ನಿಧಾನವಾಗಿ 60 ಡಿಗ್ರಿಗೆ ಏರಿಸಿ ಆರು ಗಂಟೆ ಬಿಡುತ್ತೇನೆ. ಹುಯ್ದ ಕೂಡಲೇ ಬಿಸಿ ಕೊಡಬಾರದು. ದಪ್ಪಗೆ ಹುಯ್ದ ರೆಸಿನ್ ತಾನೇ ಬಿಸಿಯಾಗುವಂಥದ್ದು, ಬಿರುಕು ಬಿಟ್ಟೀತು. ಹೀಗೆ ಮಾಡಿದ ಟೀಪಾಯಿಯ ಮೇಲೆ ಬಿಸಿ ಕಾಫಿಯ ಲೋಟ ಇಟ್ಟು ನೋಡಿದ್ದೇನೆ, ಗುರುತು ಬಿದ್ದಿಲ್ಲ. ಒಲೆಯ ಮೇಲಿಂದ ಇಳಿಸಿದ ಪಾತ್ರೆಗೆ ಮಾತ್ರ ಈಗಲೂ ಕೆಳಗೆ ಒಂದು ಮಣೆ ಬೇಕು. ಅದನ್ನು ಗಿರಾಕಿಗೆ ಮೊದಲೇ ಹೇಳುತ್ತೇನೆ.

ಡಬ್ಬ ಮಾರುವವರಲ್ಲಿ ನನ್ನದೊಂದೇ ಕೇಳಿಕೆ. ಎಷ್ಟು ಗಂಟೆ ಎನ್ನುವುದರ ಪಕ್ಕದಲ್ಲೇ ಎಷ್ಟು ಡಿಗ್ರಿಯಲ್ಲಿ ಎಂದು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಅಕ್ಷರದಲ್ಲಿ ಬರೆಯಿರಿ. 25 ಡಿಗ್ರಿ ಅಂದರೆ ನಮ್ಮಲ್ಲಿ ಜುಲೈ ತಿಂಗಳ ಶೆಡ್ ಅಲ್ಲ, ಅಲ್ವಾ?

– ಒಬ್ಬ ಮರಗೆಲಸದವ, ಸುಂಟಿಕೊಪ್ಪ, ಕೊಡಗು