ಸಿಂಟ್ರಾದ ಆ ಅಜ್ಜಿಗೆ ಥ್ಯಾಂಕ್ಸ್

ಪೋರ್ಚುಗಲ್‌ನ ಸಿಂಟ್ರಾದಲ್ಲಿ, ಸ್ಟೇಷನ್ ಹತ್ರ 434 ಬಸ್ಸಿನ ಕ್ಯೂನಲ್ಲಿ ನಮ್ಮಮ್ಮನ ಮಂಡಿನೋವು ನೋಡಿ ತಾವಾಗೇ ಮಾತಾಡ್ಸಿದ ಆ ಲೋಕಲ್ ಅಜ್ಜಿಗೆ ತುಂಬಾ ತುಂಬಾ ಥ್ಯಾಂಕ್ಸ್, ಹೆಸರು ಕೂಡ ಗೊತ್ತಾಗ್ಲಿಲ್ಲ. ಮೂರಿಶ್ ಕೋಟೆ ಗೋಡೆ ಮೇಲೆ ಬರೀ ಮೆಟ್ಲು, ಅಮ್ಮಂಗೆ ಬೇಡ, ಸೀದಾ ಪೆನಾ ಅರಮನೆಗೆ ಹೋಗಿ, ಗೇಟಿಂದ ಮೇಲಕ್ಕೆ ಶಟಲ್ ಇದೆ ಅಂತ ಹೇಳಿ, ಕೈ ಹಿಡ್ದು ಬಸ್ ಹತ್ತಿಸಿ ಸೀಟೂ ಕೊಡ್ಸಿದ್ರು. ಎರಡನೇ ಫರ್ಡಿನಾಂಡ್ ರಾಜ ಪಾಳುಬಿದ್ದ ಮಠದ ಜಾಗದಲ್ಲಿ ಕಟ್ಸಿದ ಆ ಕೆಂಪು-ಹಳದಿ ಅರಮನೆ, ಸುತ್ತ ಬೆಟ್ಟದ ಕಾಡು, ಎಲ್ಲಾ ಅಮ್ಮ ಕಣ್ತುಂಬ ನೋಡಿದ್ರು. ಆಮೇಲೆ ಊರೊಳಗಿನ ನ್ಯಾಷನಲ್ ಪ್ಯಾಲೇಸ್, ಅಲ್ಲಂತೂ 33 ಮೀಟರ್ ಎತ್ತರದ ಜೋಡಿ ಚಿಮಣಿ ಕೆಳಗಿನ ಅಡುಗೆಮನೆ ಬಿಟ್ಟು ಅಮ್ಮ ಕದಲ್ಲೇ ಇಲ್ಲ! ಅಜ್ಜಿ, ನೂರ್ಕಾಲ ಚೆನ್ನಾಗಿರಿ.