ಧರಣಿಗೆ ಹೊರಡುವ ಮುನ್ನ ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಭಾನುವಾರ ರಾತ್ರಿ ಫೋನಿನಲ್ಲಿ ನಡೆದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅವು ನಿನಗೂ ನೆನಪಿವೆ, ನನಗೂ ನೆನಪಿವೆ. ಫೋನಿನಲ್ಲಾದರೆ ಇಬ್ಬರಿಗೂ ದನಿ ಏರುತ್ತದೆ ಎಂದು ಕಾಗದ ಹಿಡಿದಿದ್ದೇನೆ. ನಮ್ಮ ಬಿಸಿಯೂಟ ಅಡುಗೆಯವರ ಸಂಘದ ಮನವಿ ಪತ್ರಗಳನ್ನು ಬರೆದು ಬರೆದು ನನ್ನ ಕೈಗೆ ಅದೇ ಧಾಟಿ ಅಭ್ಯಾಸವಾಗಿಬಿಟ್ಟಿದೆ. ನಡುವೆ ಎಲ್ಲಾದರೂ ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಬಂದರೆ ನಗಬೇಡ.

ಶಾಲೆಯ ಅಡುಗೆ ಕೆಲಸ ಬಿಡು, ತಿಂಗಳಿಗೆ ಐದು ಸಾವಿರ ನಾನೇ ಕಳುಹಿಸುತ್ತೇನೆ ಎಂದು ನೀನು ಅಂದೆ. ಬರೀ ಲೆಕ್ಕ ನೋಡಿದರೆ ನಿನ್ನ ಮಾತು ಸರಿಯೇ. 2025ರ ರಾಜ್ಯ ಬಜೆಟ್ಟಿನಲ್ಲಿ ಸಾವಿರ ರೂಪಾಯಿ ಹೆಚ್ಚಿಸುವುದಾಗಿ ಹೇಳುವ ಮೊದಲು ಮುಖ್ಯ ಅಡುಗೆಯವರಿಗೆ ತಿಂಗಳಿಗೆ 3,700, ಸಹಾಯಕ ಅಡುಗೆಯವರಿಗೆ 3,600 ಬರುತ್ತಿತ್ತು. ಅದರಲ್ಲಿ ಕೇಂದ್ರ ಸರ್ಕಾರದ ಪಾಲು 600 ರೂಪಾಯಿ ಮಾತ್ರ ಇತ್ತು. ಅದೂ ವರ್ಷಕ್ಕೆ ಹತ್ತು ತಿಂಗಳು ಮಾತ್ರ. ಬೇಸಿಗೆ ರಜೆಯಲ್ಲಿ ನಮಗೂ ಹೊಟ್ಟೆ ಇರುತ್ತದೆ ಎಂಬುದು ಯಾವ ಕಡತದಲ್ಲಿಯೂ ಇಲ್ಲ. ಆದರೆ ನೀನು ಕೊಡುವುದು ನಿನ್ನ ದುಡಿಮೆಯ ಹಣ, ನಾನು ಕೇಳುತ್ತಿರುವುದು ನನ್ನ ದುಡಿಮೆಯದು. ನಿನ್ನ ದುಡ್ಡಿನಿಂದ ಸರ್ಕಾರದ ಬಾಕಿ ತೀರುವುದಿಲ್ಲ. ನೀನು ಕಳುಹಿಸಿದ್ದನ್ನು ಹಿಂದಕ್ಕೆ ಹಾಕಿಸಿದ್ದಕ್ಕೆ ಮನಸ್ಸು ನೊಂದಿದ್ದರೆ ಕ್ಷಮಿಸು.

ಜೊತೆಯವಳ ಕಾಲು ಸುಟ್ಟ ದಿನದ ವಿಷಯವನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಆಗ ನಿನಗೆ ಪರೀಕ್ಷೆ ನಡೆಯುತ್ತಿತ್ತು. ನೂರಕ್ಕಿಂತ ಹೆಚ್ಚು ಮಕ್ಕಳಿದ್ದಾಗ ಅಡುಗೆಮನೆಯಲ್ಲಿ ನಾವು ಮೂವರಿದ್ದೆವು. ನಿಯಮದ ಪ್ರಕಾರ ನೂರು ಮಕ್ಕಳವರೆಗೆ ಇಬ್ಬರೇ ಸಾಕು. ದಾಖಲಾತಿ 96ಕ್ಕೆ ಇಳಿದ ಕೂಡಲೇ ಮೂರನೆಯವಳನ್ನು ಬಿಡಿಸಿದರು. ಚಿಕ್ಕ ತರಗತಿಯ ಮಗುವಿಗೆ 100 ಗ್ರಾಂ, ದೊಡ್ಡ ತರಗತಿಯ ಮಗುವಿಗೆ 150 ಗ್ರಾಂ ಎಂದು ಅಕ್ಕಿ ಅಳೆದರೆ ಆಗಲೂ ಹನ್ನೊಂದು ಕೆ.ಜಿ. ದಾಟುತ್ತಿತ್ತು. ದಬರಿ ಅದೇ, ಒಲೆ ಅದೇ, ಎತ್ತುವ ಕೈಗಳು ಮಾತ್ರ ಕಡಿಮೆಯಾದವು. ಅನ್ನ ಬೆಂದ ಮೇಲೆ ಅದನ್ನು ಹೊರಗಿನ ಚರಂಡಿಯ ಬಳಿಗೆ ಒಯ್ದು ಗಂಜಿ ಬಸಿಯಬೇಕು. ಬಾಗಿಲಿಗೆ ಒಂದು ಮೆಟ್ಟಿಲಿದೆ, ಅದರ ಅಂಚು ಒಡೆದಿದೆ. ಅಂದು ಸೋನೆ ಹಿಡಿದಿತ್ತು. ಅವಳು ಹಿಂದು ಹಿಂದಕ್ಕೆ ನಡೆಯುತ್ತಿದ್ದಳು, ನಾನು ಮುಂದಕ್ಕೆ. ಇಬ್ಬರ ಕೈಯಲ್ಲೂ ಮಡಿಸಿದ ಮಸಿಬಟ್ಟೆ. ಅವಳ ಹಿಮ್ಮಡಿ ಆ ಅಂಚಿನ ಮೇಲೆ ಜಾರಿತು. ಮೊಳಕಾಲಿನಿಂದ ಪಾದದವರೆಗೆ ಕುದಿಯುವ ಗಂಜಿ ಸುರಿಯಿತು, ಸೀರೆ ಚರ್ಮಕ್ಕೆ ಅಂಟಿತು. ನಾನು ದಬರಿಯನ್ನು ಕೈಬಿಡಲಿಲ್ಲ, ನೆಲಕ್ಕೆ ಇಟ್ಟು ಆಮೇಲೆ ಅವಳ ಕಾಲಿಗೆ ಡ್ರಮ್ಮಿನ ನೀರು ಹೊಯ್ದೆ. ಬಿಟ್ಟಿದ್ದರೆ ಇನ್ನೂ ಎಷ್ಟು ಸುಡುತ್ತಿತ್ತೋ ಎಂದು ಒಮ್ಮೆ ಅನ್ನಿಸುತ್ತದೆ, ಬಿಟ್ಟು ಅವಳನ್ನು ಹಿಡಿಯಬೇಕಿತ್ತೇ ಎಂದು ಇನ್ನೊಮ್ಮೆ.

ಅವಳನ್ನು ಆಟೋದಲ್ಲಿ ಅರಸೀಕೆರೆಗೆ, ಅಲ್ಲಿಂದ ಹಾಸನಕ್ಕೆ ಕರೆದೊಯ್ದರು. ನಾನು ಉಳಿದ ಅನ್ನ ಬಸಿದು, ಸಾರಿಗೆ ಒಗ್ಗರಣೆ ಹಾಕಿ, ಮೊಟ್ಟೆ ಸುಲಿದು, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಟ್ಟು ಬಡಿಸಿದೆ. ಊಟ ಸ್ವಲ್ಪ ತಡವಾಯಿತು, ಅಷ್ಟೇ. ಉಂಡ ಮಕ್ಕಳ ಸಂಖ್ಯೆಯನ್ನು ಎಂದಿನಂತೆ ಪುಸ್ತಕದಲ್ಲಿ ಬರೆದೆವು. ಸುಟ್ಟ ಕಾಲನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಆಸ್ಪತ್ರೆಯ ಖರ್ಚಿಗೆ ಶಿಕ್ಷಕರು ಕೈಲಾದಷ್ಟು ಕೊಟ್ಟರು, ಉಳಿದದ್ದಕ್ಕೆ ಅವಳು ಓಲೆ ಅಡವಿಟ್ಟಳು. ಅವಳು ಮನೆಯಲ್ಲಿದ್ದಷ್ಟು ದಿನ ಬದಲಿ ಆಳಿನ ಕೂಲಿಯನ್ನೂ ಅವಳೇ ಕೊಟ್ಟಳು. ಮೆಟ್ಟಿಲು ಈಗಲೂ ಹಾಗೆಯೇ ಇದೆ. ಮಳೆ ಬಂದ ದಿನ ನಾನು ಅದರ ಮೇಲೆ ಗೋಣಿಚೀಲ ಹಾಸುತ್ತೇನೆ. ಈಗ ಹಿಂದು ಹಿಂದಕ್ಕೆ ನಡೆಯುವವಳು ನಾನು; ಅವಳಿಗೆ ಆಗುವುದಿಲ್ಲ. ನನಗಿರುವ ಹೆದರಿಕೆ ಆ ಮೆಟ್ಟಿಲಿನದು, ಧರಣಿಗೆ ಹೋದರೆ ಬರುತ್ತಾರೆಂದು ನೀನು ಹೇಳುವ ಪೊಲೀಸರದ್ದಲ್ಲ.

ಸಂಘದವರು ನಿಮ್ಮನ್ನು ಬಳಸಿಕೊಳ್ಳುತ್ತಾರೆ ಎಂದೂ ನೀನು ಅಂದೆ. ಸಂಘದಲ್ಲಿ ಎಲ್ಲರೂ ದೇವರಲ್ಲ, ಮೈಕ್ ಸಿಕ್ಕರೆ ಬಿಡದವರೂ ಇದ್ದಾರೆ. ಆದರೆ ನಾವು ಏನು ಎಂಬುದನ್ನು ನನಗೆ ಮೊದಲು ತಿಳಿಸಿದವರು ಅವರೇ. ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. 2003ರಲ್ಲಿ ಅಕ್ಷರ ದಾಸೋಹ ನಮ್ಮ ಜಿಲ್ಲೆಗೂ ಬಂದಾಗ ನಾನು ಸೌಟು ಹಿಡಿದೆ. ಊಟ ಮಕ್ಕಳ ಹಕ್ಕಾಯಿತು, ಬೇಯಿಸುವವರು ಮಾತ್ರ ಕಾಗದದ ಮೇಲೆ ಸೇವೆ ಮಾಡುವವರಾಗಿಯೇ ಉಳಿದೆವು, ಆದ್ದರಿಂದ ಕನಿಷ್ಠ ವೇತನ ನಮಗೆ ಅನ್ವಯಿಸುವುದಿಲ್ಲವಂತೆ. ನಮ್ಮಂಥವರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನ, ಪಿಂಚಣಿ ಕೊಡಬೇಕೆಂದು 2013ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಒಟ್ಟಿಗೆ ಕೂರುವ 45ನೇ ಭಾರತೀಯ ಕಾರ್ಮಿಕ ಸಮ್ಮೇಳನವೇ ಶಿಫಾರಸು ಮಾಡಿದೆ. ಅದೇ ವರ್ಷ ಕ್ಷೀರ ಭಾಗ್ಯ ಬಂತು, ಆಮೇಲೆ ಮೊಟ್ಟೆ ಬಂತು. ಶಿಫಾರಸು ಮಾತ್ರ ಇನ್ನೂ ಜಾರಿಗೆ ಬಂದಿಲ್ಲ. ಹಾಲು, ಮೊಟ್ಟೆ ಬೇಡವೆನ್ನುವವಳು ನಾನಲ್ಲ. ಮಕ್ಕಳು ಕುಡಿಯಲಿ, ತಿನ್ನಲಿ. ಕಾಯಿಸುವವರ, ಸುಲಿಯುವವರ ಹೊತ್ತನ್ನೂ ಯಾರಾದರೂ ಲೆಕ್ಕ ಹಾಕಲಿ.

ಅರವತ್ತು ತುಂಬಿದರೆ ನನ್ನನ್ನು ಮನೆಗೆ ಕಳುಹಿಸುತ್ತಾರೆ. ಅದಕ್ಕೆ ಹೆಚ್ಚು ಕಾಲ ಉಳಿದಿಲ್ಲ, ಅಷ್ಟರಲ್ಲಿ ಪಿಂಚಣಿ ಬರುತ್ತದೆ ಎಂಬ ಭ್ರಮೆಯೂ ನನಗಿಲ್ಲ. ಬರುವುದಿದ್ದರೆ ಜೊತೆಯವಳಿಗೆ ಬರಲಿ, ಅವಳಿಗೆ ಇನ್ನೂ ವಯಸ್ಸಿದೆ.

ಇಷ್ಟು ಬರೆದ ಮೇಲೆ ನಿನ್ನ ವಿಷಯವನ್ನೂ ಹೇಳದೆ ಇರಲಾರೆ. ನೀನು ಕಂಪನಿಯ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಕಳುಹಿಸಿದ ಫೋಟೋವನ್ನು ಸಭೆಯಲ್ಲಿ ಎಲ್ಲರಿಗೂ ತೋರಿಸಿದ್ದೇನೆ. ಆದರೆ ನಿನ್ನನ್ನು ತೆಗೆದುಕೊಂಡಿರುವುದು ಗುತ್ತಿಗೆದಾರರು. ಪಿ.ಎಫ್. ಹಿಡಿಯುತ್ತಿದ್ದಾರೆಯೇ, ಹಿಡಿದದ್ದನ್ನು ಕಟ್ಟುತ್ತಿದ್ದಾರೆಯೇ ಎಂದು ನಿನ್ನ ಪಿ.ಎಫ್. ಖಾತೆಯ ಯುಎಎನ್ ಸಂಖ್ಯೆ ಹಾಕಿ ನೀನೇ ನೋಡು. ತಿಂಗಳಿಗೆ 21,000ದವರೆಗೆ ಸಂಬಳ ಇರುವವರಿಗೆ ಚಿಕಿತ್ಸೆ ಕೊಡಿಸುವ ವಿಮೆ ಇಎಸ್‌ಐ ಇದೆ. ಕಾರ್ಡ್ ಕೇಳಿ ಪಡೆದುಕೋ. ಸಂಬಳದ ಚೀಟಿಯನ್ನು ಪ್ರತಿ ತಿಂಗಳೂ ತೆಗೆದಿಡು. ಕೇಳಿದರೆ ಏನಂದುಕೊಳ್ಳುತ್ತಾರೋ ಎಂದು ಸಂಕೋಚ ಪಡಬೇಡ. ಬೆಳಿಗ್ಗೆ ಏನೂ ತಿನ್ನದೆ ಬಸ್ ಹತ್ತಬೇಡ. ಭಾಷಣ ಸಾಕು ಎಂದು ನೀನು ಅನ್ನುವುದು ಇಲ್ಲಿಂದಲೇ ಕೇಳಿಸುತ್ತಿದೆ.

ನಾವು ಸೋಮವಾರ ರಾತ್ರಿ ಅರಸೀಕೆರೆಯಲ್ಲಿ ರೈಲು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿದು ಫ್ರೀಡಂ ಪಾರ್ಕಿಗೆ ನಡೆದೇ ಹೋಗುತ್ತೇವೆ. ಊಟ ತರಬೇಡ, ರೊಟ್ಟಿ ಚಟ್ನಿಪುಡಿ ನಮ್ಮ ಬಳಿ ಇರುತ್ತದೆ. ನಮ್ಮಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ, ಮುಟ್ಟಿನ ದಿನದವರೂ ಇರುತ್ತಾರೆ. ಅಲ್ಲಿ ಹೆಂಗಸರ ಶೌಚಾಲಯ ಎಲ್ಲಿದೆ, ನೀರು ಬರುತ್ತದೆಯೇ ಎಂದು ಮುಂಚೆಯೇ ಹೋಗಿ ನೋಡಿ ನನಗೆ ಫೋನ್ ಮಾಡು.

ನಿನ್ನ ಅಮ್ಮ