ಟ್ರೆಪ್ಟೋ ಪಾರ್ಕಿನಲ್ಲಿ ನಾನು ಸುಮ್ಮನಾಗಿದ್ದು

ಪುಟ್ಟಿ,

ಊರಿಗೆ ಬಂದು ಹದಿನೈದು ದಿನವಾಯ್ತು. ಬರ್ಲಿನ್ ಇನ್ನೂ ತಲೆಯಿಂದ ಇಳಿದಿಲ್ಲ. ಟ್ರೆಪ್ಟೋ ಪಾರ್ಕಿನ ಸೋವಿಯತ್ ಯುದ್ಧ ಸ್ಮಾರಕದಲ್ಲಿ ನಾನು ಚಕ್ಕುಲಿ ಡಬ್ಬಿ ತೆಗೆದಾಗ ನೀನು, 'ಅಮ್ಮಾ, ಇಲ್ಲಿ ಬೇಡ, ಇದು ಸಮಾಧಿ ಇರೋ ಜಾಗ' ಅಂದೆ. ಆಮೇಲೆ ನಾನು ಮಾತೇ ಆಡಲಿಲ್ಲ ಅಂತ, ಬೇಜಾರಾಯ್ತಾ ಅಂತ ಮೂರು ಸಲ ಕೇಳಿದೆ. ಬೇಜಾರಲ್ಲ ಕಣೇ. ಆ ಸೈನಿಕನ ತೋಳಿನ ಮೇಲಿದ್ದ ಮಗುವನ್ನು ನೋಡುತ್ತಿದ್ದೆ.

ಸುಮಾರು 12 ಮೀಟರ್ ಎತ್ತರದ ಕಂಚಿನ ಆಳು. ಬಲಗೈಯಲ್ಲಿ ಕತ್ತಿ, ಎಡತೋಳಲ್ಲಿ ಪುಟ್ಟ ಜರ್ಮನ್ ಹುಡುಗಿ, ಕಾಲಡಿ ನಾಜಿಗಳ ಒಡೆದ ಸ್ವಸ್ತಿಕ. (ನಮ್ಮ ಹೊಸ್ತಿಲ ಮೇಲಿನ ಸ್ವಸ್ತಿಕ ನೆನಪಾಗಿ ಒಂಥರಾ ಆಯ್ತು.) ಎರಡನೇ ಮಹಾಯುದ್ಧದಲ್ಲಿ ಬರ್ಲಿನ್ನನ್ನು ಗೆದ್ದು ಅಲ್ಲೇ ಬೀಡುಬಿಟ್ಟಿದ್ದ ಸೋವಿಯತ್ತರು ಸೋತವರ ಊರಲ್ಲೇ ಇದನ್ನು ಕಟ್ಟಿ, 1949ರ ಮೇ 8ರಂದು ತೆರೆದರು. ಏಳು ಸಾವಿರಕ್ಕೂ ಹೆಚ್ಚು ಸೈನಿಕರನ್ನು ಅಲ್ಲಿ ಹೂಳಿದ್ದಾರೆ.

ಆ ವಿಗ್ರಹದ ಜೊತೆ ಒಂದು ಕತೆ ಹೇಳುತ್ತಾರೆ: ನಿಕೊಲಾಯ್ ಮಸಾಲೊವ್ ಎಂಬ ಸೋವಿಯತ್ ಸೈನಿಕ 1945ರ ಏಪ್ರಿಲ್‌ನಲ್ಲಿ ಗುಂಡು ಹಾರುತ್ತಿದ್ದಾಗಲೇ ಒಂದು ಹುಡುಗಿಯನ್ನು ಎತ್ತಿ ತಂದನಂತೆ. ನಂಬುತ್ತೇನೆ. ಆದರೆ ಆ ದಿನಗಳಲ್ಲೇ ಅದೇ ಸೈನ್ಯದವರು ಬರ್ಲಿನ್ನಿನ ಸಾವಿರಾರು ಹೆಂಗಸರ ಮೇಲೆ ಅತ್ಯಾಚಾರ ಮಾಡಿದ್ದರು. ಇದೂ ನಡೆದದ್ದೇ. ಎರಡೂ ಬದಿಯ 16 ಕಲ್ಲುಗಳ ಮೇಲೆ ಸ್ಟಾಲಿನ್ ಮಾತು ಬಂಗಾರದ ಬಣ್ಣದ ಅಕ್ಷರದಲ್ಲಿದೆ. ಒಂದು ಕಡೆ ರಷ್ಯನ್, ಇನ್ನೊಂದು ಕಡೆ ಜರ್ಮನ್. ಆ ಹೆಂಗಸರ ಬಗ್ಗೆ ಒಂದಕ್ಷರವೂ ಇಲ್ಲ. ನಾನು ಆ ಮಗುವಿನ ತಾಯಿಯನ್ನು ಹುಡುಕುತ್ತಿದ್ದೆ, ಗೊತ್ತಾ? ಬರುವ ದಾರಿಯಲ್ಲಿ ತಲೆ ತಗ್ಗಿಸಿ ಕೂತ ಕಲ್ಲಿನ ತಾಯಿ ಇದ್ದಾಳಲ್ಲ, ಅವಳು ಸತ್ತ ಸೈನಿಕರಿಗಾಗಿ ಅಳುವವಳು.

ಹಾಗಂತ ಮಣ್ಣಿನಡಿ ಇರುವವರ ಮೇಲೆ ಸಿಟ್ಟು ಬರಲಿಲ್ಲ. ಅವರಲ್ಲಿ ರಷ್ಯದವರು ಮಾತ್ರ ಅಲ್ಲ, ಯುಕ್ರೇನಿನವರು, ಇನ್ನೂ ಎಲ್ಲೆಲ್ಲಿಯವರೋ. ಮನೆಯವರು ಎಷ್ಟು ವರ್ಷ ಬಾಗಿಲು ನೋಡುತ್ತಾ ಕೂತಿದ್ದರೋ.

1994ರ ಆಗಸ್ಟ್ 31ಕ್ಕೆ ರಷ್ಯದ ಸೈನ್ಯ ಬರ್ಲಿನ್ನಿಗೆ ವಿದಾಯ ಹೇಳಿತು. ಆದರೆ ಸೋವಿಯತ್ತರ ಜೊತೆ ಮಾಡಿಕೊಂಡ 1990ರ ಒಪ್ಪಂದದಂತೆ ಆ ಜಾಗವನ್ನು ಈಗ ಜರ್ಮನ್ನರೇ ನೋಡಿಕೊಳ್ಳುತ್ತಾರೆ. ಹುಲ್ಲು ಕತ್ತರಿಸುವುದು, ಕಲ್ಲು ರಿಪೇರಿ ಮಾಡುವುದು, ಎಲ್ಲ ಅವರದೇ. ನಿನ್ನ ಸಂಬಳದ ತೆರಿಗೆಯಲ್ಲೂ ಚಿಟಿಕೆಯಷ್ಟು ಅಲ್ಲಿಗೆ ಹೋಗುತ್ತಿರಬೇಕು, ಅಲ್ವಾ? ನಾನಾಗಿದ್ದರೆ ಸ್ಟಾಲಿನ್ ಹೆಸರನ್ನಾದರೂ ಕೆರೆದು ಹಾಕಿಸುತ್ತಿದ್ದೆ. ಅವರು ಮುಟ್ಟಿಲ್ಲ. ಸರಿಯೋ ತಪ್ಪೋ, ನಿಮ್ಮಪ್ಪನ ಜೊತೆ ದಿನಾ ವಾದ ಮಾಡ್ತಿದ್ದೇನೆ. ಇನ್ನೂ ಮುಗಿದಿಲ್ಲ.

ಚಕ್ಕುಲಿ ಡಬ್ಬಿ ನಿನ್ನ ಅಡುಗೆಮನೆಯ ಮೇಲಿನ ಕಪಾಟಿನಲ್ಲಿದೆ. ಮೆತ್ತಗಾಗುವ ಮೊದಲು ತಿಂದುಬಿಡು.

ನಿನ್ನ
ಅಮ್ಮ